ಅಪಿಸ್: ಹುಟ್ಟು ತಿಳಿಯದ ಜೇನುನೊಣದ ಪದ, ಅದರ ವ್ಯಾಕರಣ

ಕ್ರಿಸ್ತಪೂರ್ವ 218ರಲ್ಲಿ ಕಾರ್ತೇಜಿನ ಸೇನಾನಿ ಹ್ಯಾನಿಬಾಲ್ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಇಳಿದಾಗ, ಅವನನ್ನು ತಡೆಯಲು ತಿಕಿನುಸ್ ನದಿಯ ಹತ್ತಿರ ಬೀಡುಬಿಟ್ಟಿದ್ದ ರೋಮನ್ ಪಾಳೆಯದಲ್ಲಿ ಎರಡು ಅಪಶಕುನಗಳಾದವಂತೆ. ತೋಳವೊಂದು ಪಾಳೆಯಕ್ಕೆ ನುಗ್ಗಿ, ಎದುರು ಸಿಕ್ಕವರನ್ನು ಕಚ್ಚಿ ಹರಿದು, ತನಗೇನೂ ಆಗದಂತೆ ಪಾರಾಯಿತು. ಸೇನಾಪತಿಯ ಡೇರೆಯ ಮೇಲೆ ಬಾಗಿದ್ದ ಮರಕ್ಕೆ ಜೇನುಹಿಂಡು ಬಂದು ಕೂತಿತು. ಇದನ್ನು ಬರೆದಿಟ್ಟವನು ರೋಮಿನ ಇತಿಹಾಸಕಾರ ಲಿವಿ. ಜೇನುಹಿಂಡು ಎನ್ನಲು ಅವನು ಬಳಸಿದ ಲ್ಯಾಟಿನ್ ಮಾತು ‘ಎಕ್ಸಾಮೆನ್ ಅಪುಮ್’.

ಎಕ್ಸಾಮೆನ್ ಅಂದರೆ ಗೂಡಿನಿಂದ ಹೊರಬಿದ್ದ ಹಿಂಡು. ತಕ್ಕಡಿಯ ಮುಳ್ಳಿಗೂ ಅದೇ ಪದವಿತ್ತು. ತಕ್ಕಡಿಯಿಂದ ತೂಗಿ ನೋಡುವ ಅರ್ಥ ಬಂತು, ತೂಗಿ ನೋಡುವುದರಿಂದ ಪರೀಕ್ಷೆಯ ಅರ್ಥ ಬಂತು. ನಮ್ಮ ಮಕ್ಕಳು ಬರೆಯುವ ಎಗ್ಜಾಮ್ ಹುಟ್ಟಿದ್ದು ಹೀಗೆ. ಅದು ಇರಲಿ. ನನ್ನ ಗಮನವಿರುವುದು ಎರಡನೆಯ ಪದದ ಮೇಲೆ. ‘ಅಪುಮ್’ ಎಂದರೆ ಜೇನುನೊಣಗಳ; ಜೇನುನೊಣ ಎಂಬ ಅರ್ಥದ ‘ಅಪಿಸ್’ ಪದದ ಷಷ್ಠೀ ವಿಭಕ್ತಿ ಬಹುವಚನ. ಆದರೆ ಇದೇ ಲಿವಿಯ ಇತಿಹಾಸದಲ್ಲಿ ಬೇರೆ ಕಡೆ ‘ಅಪಿಯುಮ್’ ಎಂಬ ರೂಪವೂ ಸಿಗುತ್ತದೆ. ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲ, ಪ್ರಕೃತಿಯ ಬಗ್ಗೆ ಬರೆದ ಪ್ಲಿನಿ, ಇವರಲ್ಲೂ ಎರಡೂ ರೂಪಗಳಿವೆ. ವ್ಯತ್ಯಾಸ ಒಂದು ‘ಇ’ಕಾರದ್ದು ಮಾತ್ರ. ಆ ಇಕಾರ ಇರಬೇಕೋ ಬೇಡವೋ ಎಂಬುದು ಮೇಲ್ನೋಟಕ್ಕೆ ಕಾಗುಣಿತದ ಚಿಲ್ಲರೆ ಜಗಳದಂತೆ ಕಾಣುತ್ತದೆ. ನಿಜಕ್ಕೂ ಅದು ಈ ಪದ ಎಲ್ಲಿಂದ ಬಂತು ಎಂಬ ದೊಡ್ಡ ಪ್ರಶ್ನೆಗೇ ತಗಲಿಕೊಂಡಿದೆ.

ಮೊದಲು ಉಚ್ಚಾರದ ಮಾತು. ನಮ್ಮ ಜೀವಶಾಸ್ತ್ರದ ಪಠ್ಯಗಳಲ್ಲಿ ‘ಏಪಿಸ್’ ಎಂದು ಅಚ್ಚಾಗುತ್ತದೆ. ಅದು ಇಂಗ್ಲಿಷಿನ ಬಾಯಿಂದ ಬಂದದ್ದು. ರೋಮನ್ನರ ಬಾಯಲ್ಲಿ ಮೊದಲ ಸ್ವರ ಹ್ರಸ್ವ ಅಕಾರ: ಅಪಿಸ್. ವ್ಯಾಕರಣ ನೋಡುವಾಗ ಆ ರೂಪವನ್ನೇ ಇಟ್ಟುಕೊಂಡರೆ ಸುಲಭ, ಯಾಕೆಂದರೆ ಕನ್ನಡ ಲಿಪಿ ಲ್ಯಾಟಿನಿನ ಹ್ರಸ್ವ ದೀರ್ಘಗಳನ್ನು ರೋಮನ್ ಲಿಪಿಗಿಂತ ಚೆನ್ನಾಗಿ ತೋರಿಸಬಲ್ಲದು.

ಲ್ಯಾಟಿನ್ ನಾಮಪದಗಳಿಗೂ ಸಂಸ್ಕೃತದಂತೆ ವಿಭಕ್ತಿಗಳಿವೆ. ಪ್ರಕೃತಿ, ಅಂದರೆ ಪ್ರತ್ಯಯ ಸೇರುವ ಮೊದಲಿನ ಪದ, ಯಾವುದರಲ್ಲಿ ಕೊನೆಯಾಗುತ್ತದೆ ಎಂಬುದರ ಮೇಲೆ ರೂಪಗಳು ಬದಲಾಗುತ್ತವೆ. ಅಪಿಸ್‌ನ ರೂಪಗಳು ಹೀಗೆ: ಏಕವಚನದಲ್ಲಿ ಪ್ರಥಮಾ ‘ಅಪಿಸ್’, ದ್ವಿತೀಯಾ ‘ಅಪೆಮ್’, ಷಷ್ಠೀ ಮತ್ತೆ ‘ಅಪಿಸ್’, ಚತುರ್ಥೀ ‘ಅಪೀ’, ಪಂಚಮೀ ‘ಅಪೆ’. ಬಹುವಚನದಲ್ಲಿ ಪ್ರಥಮಾ ದ್ವಿತೀಯಾ ಎರಡೂ ‘ಅಪೇಸ್’, ಚತುರ್ಥೀ ಪಂಚಮೀ ಎರಡೂ ‘ಅಪಿಬುಸ್’, ಷಷ್ಠೀ ಮಾತ್ರ ಅಪಿಯುಮ್ ಅಥವಾ ಅಪುಮ್. ಏಕವಚನದಲ್ಲಿ ಜೇನುನೊಣ ಎನ್ನುವುದಕ್ಕೂ ಜೇನುನೊಣದ ಎನ್ನುವುದಕ್ಕೂ ರೂಪ ಒಂದೇ. ವಾಕ್ಯ ನೋಡಿಯೇ ತಿಳಿಯಬೇಕು.

ಇವೆಲ್ಲ ಲ್ಯಾಟಿನ್ ವ್ಯಾಕರಣದ ತೃತೀಯ ಗಣಕ್ಕೆ ಸೇರಿದವು. ಈ ಗಣ ನಿಜವಾಗಿ ಎರಡು ಹಳೆಯ ಗಣಗಳ ಬೆರಕೆ. ಒಂದು ಇಕಾರಾಂತ ಪದಗಳದ್ದು, ಇನ್ನೊಂದು ವ್ಯಂಜನಾಂತ ಪದಗಳದ್ದು. ಸಂಸ್ಕೃತದ ಪರಿಚಯ ಅಲ್ಪಸ್ವಲ್ಪ ಇರುವ ಕನ್ನಡಿಗರಿಗೆ ಇದನ್ನು ಬಿಡಿಸಿ ತೋರಿಸುವುದು ಕಷ್ಟವಲ್ಲ. ಲ್ಯಾಟಿನಿನ ‘ಇಗ್ನಿಸ್’ ನಮ್ಮ ‘ಅಗ್ನಿಃ’, ‘ಒವಿಸ್’ ಎಂಬ ಕುರಿ ಸಂಸ್ಕೃತದ ‘ಅವಿಃ’. ಇವು ಅಪ್ಪಟ ಇಕಾರಾಂತಗಳು. ಅವುಗಳ ಷಷ್ಠೀ ಬಹುವಚನದಲ್ಲಿ ಇಕಾರ ಉಳಿಯುತ್ತದೆ: ಇಗ್ನಿಯುಮ್, ಒವಿಯುಮ್. ವ್ಯಂಜನಾಂತಕ್ಕೆ ಉದಾಹರಣೆ ‘ವೋಕ್ಸ್’, ಅಂದರೆ ಧ್ವನಿ, ಸಂಸ್ಕೃತದ ‘ವಾಕ್’. ಅದರ ಷಷ್ಠೀ ಬಹುವಚನ ‘ವೋಕುಮ್’, ಸಂಸ್ಕೃತದಲ್ಲಿ ‘ವಾಚಾಮ್’. ಆ ‘ಉಮ್’ ಈ ‘ಆಮ್’ ಒಂದೇ ಮೂಲದ ಪ್ರತ್ಯಯಗಳು. ನಡುವೆ ಇಕಾರಕ್ಕೆ ಜಾಗವೇ ಇಲ್ಲ.

ಹಾಗಾದರೆ ಸೂತ್ರ ಸರಳ ಅನಿಸುತ್ತದೆ: ಪ್ರಥಮೆಯಲ್ಲಿ ‘ಇಸ್’ ಎಂದು ಮುಗಿದರೆ ಷಷ್ಠೀ ಬಹುವಚನ ‘ಇಯುಮ್’. ಲ್ಯಾಟಿನ್ ಕಲಿಯುವ ಮಕ್ಕಳಿಗೆ ಹೀಗೇ ಹೇಳಿಕೊಡುತ್ತಾರೆ, ಜೊತೆಗೆ ಅಪವಾದಗಳ ಒಂದು ಪಟ್ಟಿಯನ್ನೂ ಬಾಯಿಪಾಠ ಮಾಡಿಸುತ್ತಾರೆ. ಆ ಪಟ್ಟಿಯ ತಲೆಯಲ್ಲಿರುವುದು ‘ಕನಿಸ್’, ನಾಯಿ, ಮತ್ತು ‘ಯುವೆನಿಸ್’, ಯುವಕ. ಇವುಗಳ ಷಷ್ಠೀ ಬಹುವಚನ ಕನುಮ್, ಯುವೆನುಮ್, ಇಕಾರ ಇಲ್ಲ. ಯಾಕೆ ಎಂದು ಶಾಲೆಯಲ್ಲಿ ಹೇಳುವುದು ಕಡಿಮೆ. ಸಂಸ್ಕೃತ ಹೇಳುತ್ತದೆ. ನಾಯಿಗೆ ಅಲ್ಲಿ ‘ಶ್ವನ್’, ಯುವಕನಿಗೆ ‘ಯುವನ್’; ಎರಡೂ ನಕಾರಾಂತ, ಷಷ್ಠೀ ಬಹುವಚನ ಶುನಾಮ್, ಯೂನಾಮ್. ಎಂದರೆ ಈ ಎರಡು ಪದಗಳು ಹುಟ್ಟಾ ವ್ಯಂಜನಾಂತಗಳು. ಲ್ಯಾಟಿನಿಗೆ ಬಂದಮೇಲೆ ಸುತ್ತಲಿನ ಪದಗಳನ್ನು ನೋಡಿ ಪ್ರಥಮೆಯಲ್ಲಿ ‘ಇಸ್’ ಹಾಕಿಕೊಂಡವು. ಷಷ್ಠೀ ಬಹುವಚನ ಮಾತ್ರ ಹಳೆಯ ರೂಪವನ್ನೇ ಉಳಿಸಿಕೊಂಡಿತು. ಅಪವಾದ ಎಂದು ನಾವು ಉರುಹೊಡೆಯುವುದು ಪದದ ಪೂರ್ವಚರಿತ್ರೆಯ ದಾಖಲೆ ಎಂಬುದು ವ್ಯಾಕರಣ ಓದುವುದರ ದೊಡ್ಡ ಸಂತೋಷಗಳಲ್ಲಿ ಒಂದು.

ಈಗ ಅಪಿಸ್‌ಗೆ ಮರಳಿದರೆ ಸಮಸ್ಯೆ ಸ್ಪಷ್ಟವಾಗುತ್ತದೆ. ‘ಅಪಿಯುಮ್’ ಹಳೆಯದಾದರೆ ಇದು ಅಗ್ನಿಯಂತೆ ಇಕಾರಾಂತ. ‘ಅಪುಮ್’ ಹಳೆಯದಾದರೆ ಇದು ಶ್ವನ್‌ನಂತೆ ವ್ಯಂಜನಾಂತ, ಮೂಲ ಪ್ರಕೃತಿ ಬರೀ ‘ಅಪ್’. ನಾಯಿಯ ವಿಷಯದಲ್ಲಿ ಸಂಸ್ಕೃತ, ಗ್ರೀಕ್ ಮೊದಲಾದ ದಾಯಾದಿ ಭಾಷೆಗಳು ಸಾಕ್ಷಿ ನುಡಿದವು. ಜೇನುನೊಣದ ವಿಷಯದಲ್ಲಿ ಯಾವ ದಾಯಾದಿಯೂ ಸಾಕ್ಷಿಗೆ ಬರುವುದಿಲ್ಲ. ಲ್ಯಾಟಿನ್, ಸಂಸ್ಕೃತ, ಗ್ರೀಕ್ ಸೇರಿದ ಇಂಡೋ-ಯುರೋಪಿಯನ್ ಕುಟುಂಬದ ಬೇರೆ ಯಾವ ಭಾಷೆಯಲ್ಲೂ ಅಪಿಸ್‌ಗೆ ಒಪ್ಪಬಹುದಾದ ಬಂಧುಪದ ಸಿಕ್ಕಿಲ್ಲ.

ಇದು ಸಾಮಾನ್ಯ ಸಂಗತಿಯಲ್ಲ. ಬೇರೆ ಹುಳಹುಪ್ಪಟೆಗಳ ಲ್ಯಾಟಿನ್ ಹೆಸರುಗಳಿಗೆ ದೊಡ್ಡ ಬಳಗವೇ ಇದೆ. ಕಣಜಕ್ಕೆ ‘ವೆಸ್ಪಾ’, ಇಂಗ್ಲಿಷಿನ ವಾಸ್ಪ್, ಲಿಥುವೇನಿಯನ್ನಿನ ವಾಪ್ಸ್ವಾ ಅದರ ನೆಂಟರು. ಇರುವೆಗೆ ‘ಫೋರ್ಮೀಕಾ’, ಭಾಷಾವಿಜ್ಞಾನಿಗಳು ಅದನ್ನು ವೇದಗಳಲ್ಲಿ ಬರುವ ‘ವಮ್ರ’ದ ಜೊತೆಗೂ, ಹುತ್ತ ಎಂಬ ಅರ್ಥದ ‘ವಲ್ಮೀಕ’ದ ಜೊತೆಗೂ ಇಡುತ್ತಾರೆ. ಜೇನುತುಪ್ಪಕ್ಕೂ ಬಳಗವಿದೆ: ಲ್ಯಾಟಿನಿನ ‘ಮೆಲ್’, ಗ್ರೀಕಿನ ‘ಮೆಲಿ’ ಒಂದು ಸಾಲು, ಸಂಸ್ಕೃತದ ‘ಮಧು’, ಇಂಗ್ಲಿಷಿನ ‘ಮೀಡ್’ ಎಂಬ ಮದ್ಯ ಇನ್ನೊಂದು ಸಾಲು. ನಮ್ಮ ‘ಜೇನು’ ಈ ಎರಡೂ ಸಾಲಿನದಲ್ಲ, ತಮಿಳಿನ ತೇನ್, ತೆಲುಗಿನ ತೇನೆಯ ಒಡಹುಟ್ಟು.

ಉತ್ತರ ಯುರೋಪಿನಲ್ಲಿ ಜೇನುನೊಣಕ್ಕೆ ಬೇರೊಂದು ಪದಕುಟುಂಬವಿದೆ: ಇಂಗ್ಲಿಷ್ ಬೀ, ಜರ್ಮನ್ ಬೀನೆ, ಲಿಥುವೇನಿಯನ್ ಬಿತೆ, ಹಳೆಯ ಐರಿಷ್ ಬೆಖ್. ಇವುಗಳ ಮೂಲದಲ್ಲಿ ‘ಭಿ’ ಎಂಬಂಥ ಧಾತು ಇತ್ತೆಂದು ಊಹೆ. ಅದಕ್ಕೊಂದು ‘ಅ’ ಸೇರಿಸಿದರೆ ಅಪಿಸ್ ಆಗಲಿಲ್ಲವೇ ಎಂದು ಕೇಳಿದವರು ಇದ್ದಾರೆ. ಆಗುವುದಿಲ್ಲ. ಲ್ಯಾಟಿನ್ ತನ್ನ ಧ್ವನಿನಿಯಮದಲ್ಲಿ ಬಹಳ ಶಿಸ್ತಿನ ಭಾಷೆ. ಹಳೆಯ ಭಕಾರ ಪದದ ಮೊದಲಲ್ಲಿ ಬಂದರೆ ಫಕಾರವಾಗುತ್ತದೆ. ಭ್ರಾತೃ ‘ಫ್ರಾತೆರ್’ ಆದಂತೆ. ಪದದ ನಡುವೆ ಬಂದರೆ ಬಕಾರವಾಗುತ್ತದೆ. ನಭಸ್ಸಿನ ನೆಂಟನಾದ ಮಂಜು ‘ನೆಬುಲಾ’ ಆದಂತೆ. ಆ ಲೆಕ್ಕದಲ್ಲಿ ನಮಗೆ ಸಿಗಬೇಕಾದದ್ದು ‘ಅಬಿಸ್’. ಸಿಕ್ಕಿರುವುದು ‘ಅಪಿಸ್’. ಇಂಥ ಒಂದೇ ಅಕ್ಷರ ಇಡೀ ಸಿದ್ಧಾಂತವನ್ನು ಬೀಳಿಸುತ್ತದೆ. ಗಂಡು ಜೇನಿಗೆ ಲ್ಯಾಟಿನಿನಲ್ಲಿದ್ದ ‘ಫೂಕುಸ್’ ಎಂಬ ಪದ ಆ ಭಿ ಕುಟುಂಬದ್ದಿರಬಹುದು ಎಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಧ್ವನಿನಿಯಮಕ್ಕೆ ಅದು ಹೊಂದುತ್ತದೆ. ಹಾಗಿದ್ದರೆ ಒಂದೇ ಗೂಡಿನಲ್ಲಿ ಗಂಡಿನ ಹೆಸರಿಗೆ ಬಳಗವುಂಟು, ದುಡಿಯುವ ಜೇನಿನ ಹೆಸರಿಗೆ ಇಲ್ಲ.

ಮೆಡಿಟರೇನಿಯನ್ ತೀರದಲ್ಲಿ ರೋಮನ್ನರಿಗಿಂತ ಮೊದಲೇ ಇದ್ದ, ಈಗ ಅಳಿದುಹೋದ ಯಾವುದೋ ಭಾಷೆಯಿಂದ ಈ ಪದವನ್ನು ಎರವಲು ಪಡೆದಿರಬೇಕೆಂಬುದು ಉಳಿದಿರುವ ಊಹೆ. ನನಗೂ ಅದೇ ಹೆಚ್ಚು ಸಂಭಾವ್ಯ ಅನಿಸುತ್ತದೆ. ಎರವಲು ಬಂದ ಪದ ಯಾವ ಗಣಕ್ಕೆ ಸೇರಬೇಕೆಂದು ತಿಳಿಯದೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಅಪುಮ್, ಅಪಿಯುಮ್ ಎರಡೂ ಹುಟ್ಟುವುದು ಸಹಜ.

ಖಚಿತ ಉತ್ತರ ಇಲ್ಲದ ಕಡೆ ಸೊಗಸಾದ ಕಥೆಗಳು ಹುಟ್ಟುತ್ತವೆ. ಕ್ರಿಸ್ತಶಕ 636ರಲ್ಲಿ ತೀರಿಕೊಂಡ ಸೆವಿಲ್ಲೆಯ ಬಿಷಪ್ ಇಸಿದೋರ್ ಪದಗಳ ವ್ಯುತ್ಪತ್ತಿಯ ಮೂಲಕ ಲೋಕದ ಎಲ್ಲ ಜ್ಞಾನವನ್ನೂ ಹೇಳಲು ಹೊರಟವನು. ಅಪೇಸ್ ಎಂಬುದನ್ನು ಅವನು ‘ಪೇಸ್’, ಅಂದರೆ ಕಾಲು, ಎಂಬ ಪದಕ್ಕೆ ಗಂಟುಹಾಕಿದ. ಜೇನುನೊಣಗಳು ಕಾಲಿನಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಅದಕ್ಕೆ ಆ ಹೆಸರು. ಅಥವಾ ಅವು ಕಾಲಿಲ್ಲದೆ ಹುಟ್ಟುತ್ತವೆ, ಅದಕ್ಕೆ. ನಮ್ಮ ನಿರುಕ್ತಕಾರರ ದಾರಿಯೂ ಹಲವೊಮ್ಮೆ ಇಂಥದ್ದೇ. ಭಾಷಾಶಾಸ್ತ್ರವಾಗಿ ಇದು ನಿಲ್ಲುವುದಿಲ್ಲ. ಆದರೆ ಕೀಟದ ಬಗ್ಗೆ ಹೇಳಿದ ಎರಡು ಮಾತೂ ನಿಜ. ಹಿಂಡು ಕಟ್ಟುವಾಗ ಜೇನುಗಳು ಕಾಲಿಗೆ ಕಾಲು ಸಿಕ್ಕಿಸಿ ಸರಪಳಿಯಂತೆ ತೂಗುತ್ತವೆ. ಮೊಟ್ಟೆಯೊಡೆದು ಬರುವ ಮರಿಹುಳಕ್ಕೆ ಕಾಲುಗಳೇ ಇರುವುದಿಲ್ಲ. ಇಸಿದೋರನನ್ನು ತಳ್ಳಿಹಾಕುವಾಗ ಇದನ್ನು ಮರೆಯಬಾರದು.

ಈಜಿಪ್ಟಿನ ಪವಿತ್ರ ಗೂಳಿಗೆ ಗ್ರೀಕರು ‘ಆಪಿಸ್’ ಎನ್ನುತ್ತಿದ್ದರು. ಸತ್ತ ಎತ್ತಿನ ಕೊಳೆತ ದೇಹದಿಂದ ಜೇನುನೊಣ ಹುಟ್ಟುತ್ತದೆ ಎಂಬ ನಂಬಿಕೆ ಪ್ರಾಚೀನ ಜಗತ್ತಿನಲ್ಲಿ ಗಟ್ಟಿಯಾಗಿತ್ತು. ರೋಮನ್ ವಿದ್ವಾಂಸ ವಾರ್ರೋ ಅದನ್ನು ಗಂಭೀರವಾಗಿ ದಾಖಲಿಸಿದ, ವರ್ಜಿಲ್ ಕವಿ ಆ ವಿಧಾನವನ್ನು ನೈಲ್ ನದಿಯ ನಾಡಿನದೆಂದೇ ವರ್ಣಿಸಿದ. ಗೂಳಿ ಆಪಿಸ್, ನೊಣ ಅಪಿಸ್, ಎರಡಕ್ಕೂ ಈಜಿಪ್ಟ್ ಎಂದಾಗ ಸಂಬಂಧ ಕಟ್ಟುವ ಆಸೆಯಾಗುತ್ತದೆ. ಗೂಳಿಯ ಈಜಿಪ್ಟಿನ ಮೂಲ ಹೆಸರು ಹಕಾರದಿಂದ ಶುರುವಾಗುತ್ತದೆ. ಅದನ್ನು ಬಿಟ್ಟು ಸ್ವರದಿಂದ ಆರಂಭಿಸಿದ್ದು ಗ್ರೀಕರು. ಹೋಲಿಕೆ ಬರೀ ಕಾಕತಾಳೀಯ.

ಲಿಂಗದ ವಿಷಯಕ್ಕೆ ಬರೋಣ. ಅಪಿಸ್ ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ, ಹಾಗಾಗಿ ಜೇನು ನಪುಂಸಕ. ಲ್ಯಾಟಿನಿನಲ್ಲಿ ಲಿಂಗ ಪದಕ್ಕೆ ಅಂಟಿಕೊಂಡಿರುತ್ತದೆ. ಪ್ರಾಣಿ ಗಂಡೋ ಹೆಣ್ಣೋ ಎಂಬುದಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಒಂದೇ ಲಿಂಗದಲ್ಲಿ ಗಂಡು ಹೆಣ್ಣು ಎರಡನ್ನೂ ಹೇಳುವ ಪ್ರಾಣಿವಾಚಕಗಳಿಗೆ ಅಲ್ಲಿನ ವೈಯಾಕರಣರು ‘ಎಪಿಕೋಯ್ನುಮ್’ ಎಂಬ ಹೆಸರಿಟ್ಟಿದ್ದರು. ಗೂಡಿನ ಒಡೆಯನನ್ನು ರೋಮನ್ನರು ‘ರೇಕ್ಸ್’, ರಾಜ, ಎಂದೇ ಕರೆದರು. ವರ್ಜಿಲ್ ಹಾಡುವುದೂ ರಾಜನನ್ನೇ: ರಾಜ ಕ್ಷೇಮವಾಗಿದ್ದರೆ ಎಲ್ಲ ಜೇನುಗಳ ಮನಸ್ಸೂ ಒಂದು. ಆ ರಾಜ ಹೆಣ್ಣು, ಮೊಟ್ಟೆಯಿಡುವ ತಾಯಿ, ಎಂದು ಸ್ಪೇನಿನ ಲುಯಿಸ್ ಮೆಂದೆಸ್ ದೆ ತೋರ್ರೆಸ್ ಬರೆದದ್ದು 1586ರಲ್ಲಿ. ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ 1609ರಲ್ಲಿ ಅದನ್ನು ‘ಹೆಣ್ಣಿನ ರಾಜ್ಯ’ ಎಂದ. ಡಚ್ ವಿಜ್ಞಾನಿ ಸ್ವಾಮ್ಮರ್ಡಾಮ್ ಅದೇ ಶತಮಾನದಲ್ಲಿ ಸೂಕ್ಷ್ಮದರ್ಶಕದಡಿ ಅದನ್ನು ಸೀಳಿ ಅಂಡಾಶಯ ತೋರಿಸಿದ. ದುಡಿಯುವ ಜೇನುಗಳೂ ಹೆಣ್ಣೇ. ರೋಮನ್ನರ ಜೀವಶಾಸ್ತ್ರ ತಪ್ಪಿದ ಕಡೆ ಅವರ ವ್ಯಾಕರಣ, ತನಗೆ ತಿಳಿಯದೆಯೇ, ಸರಿಯಾಗಿತ್ತು.

ಜೇನುಪೆಟ್ಟಿಗೆಗಳನ್ನಿಡುವ ಜಾಗಕ್ಕೆ ‘ಅಪಿಯಾರಿಯುಮ್’ ಎಂಬ ಪದವಿತ್ತು. ಇಂದು ಜಗತ್ತೆಲ್ಲ ಬಳಸುವ ಏಪಿಯರಿ ಅದೇ. ಎರಡನೆಯ ಶತಮಾನದ ವಿದ್ವಾಂಸ ಔಲುಸ್ ಗೆಲ್ಲಿಯುಸ್‌ಗೆ ಮಾತ್ರ ಅದು ಜನಸಾಮಾನ್ಯರ ಮಾತು; ಶುದ್ಧ ಲ್ಯಾಟಿನ್ ಬಲ್ಲವರು ಅದನ್ನು ಬರೆದದ್ದು ತನಗೆ ನೆನಪಿಲ್ಲ ಎಂದು ಅವನು ಬರೆದ.

ಇಂಥ ಶುದ್ಧಾಶುದ್ಧದ ಜಗಳ ಅಪಿಸ್‌ನ ಪ್ರಥಮಾ ವಿಭಕ್ತಿಯನ್ನೂ ಬಿಡಲಿಲ್ಲ. ‘ಪ್ರೋಬುಸ್‌ನ ಅನುಬಂಧ’ ಎಂದು ಕರೆಯುವ ಒಂದು ಹಳೆಯ ಪಟ್ಟಿ ಉಳಿದಿದೆ. ಅದರಲ್ಲಿ 227 ಸಾಲುಗಳು. ಪ್ರತಿ ಸಾಲೂ ‘ಹೀಗೆ ಅನ್ನು, ಹಾಗಲ್ಲ’ ಎಂಬ ಮಾದರಿಯದು. ‘ಒಕುಲುಸ್ ಅನ್ನು, ಒಕ್ಲುಸ್ ಅಲ್ಲ’ ಎಂಬುದು ಕಣ್ಣಿನ ಬಗ್ಗೆ. ‘ಔರಿಸ್ ಅನ್ನು, ಓರಿಕ್ಲಾ ಅಲ್ಲ’ ಎಂಬುದು ಕಿವಿಯ ಬಗ್ಗೆ. ನಮ್ಮ ಪದದ ಸಾಲು: ‘ಅಪೇಸ್ ಅನ್ನು, ಅಪಿಸ್ ಅಲ್ಲ’. ವಿಚಿತ್ರವೆಂದರೆ ಹಿಂದಿನ ಕವಿಗಳು, ಕೃಷಿಕಾರರು ಏಕವಚನದಲ್ಲಿ ಬರೆದದ್ದು ಅಪಿಸ್ ಎಂದೇ. ಪಟ್ಟಿ ಬರೆದ ಮೇಷ್ಟ್ರು ತಪ್ಪೆಂದದ್ದೇ ಸರಿಯಾದ ರೂಪ. ನರಿಗೆ ವುಲ್ಪೇಸ್, ಮೋಡಕ್ಕೆ ನೂಬೇಸ್ ಎಂದು ‘ಏಸ್’ನಲ್ಲಿ ಮುಗಿಯುವ ಪದಗಳನ್ನು ಜನ ‘ಇಸ್’ ಎನ್ನುತ್ತಿದ್ದರು; ಅವನ್ನು ತಿದ್ದುವ ಭರದಲ್ಲಿ ಇದೂ ಸಿಕ್ಕಿಬಿದ್ದಿರಬೇಕು. ಜೇನನ್ನು ಒಂಟಿಯಾಗಿ ಹೆಸರಿಸುವ ಸಂದರ್ಭ ಕಡಿಮೆ, ಮಾತಿನಲ್ಲಿ ಬರುವುದು ಹಿಂಡೇ. ಬಹುವಚನದ ಅಪೇಸ್ ಕಿವಿಗೆ ರೂಢಿಯಾಗಿದ್ದೂ ಕಾರಣವಿರಬಹುದು.

ಆ ಪಟ್ಟಿಯ ‘ಓರಿಕ್ಲಾ’ ಎಂಬ ತಪ್ಪು ನಮಗೆ ಮುಂದಿನ ದಾರಿ ತೋರಿಸುತ್ತದೆ. ಆಡುಮಾತಿನ ಲ್ಯಾಟಿನ್ ಚಿಕ್ಕ ಪದಗಳಿಗೆ ‘ಕುಲಾ’ ಎಂಬ ಅಲ್ಪಾರ್ಥಕ ಪ್ರತ್ಯಯ ಹಚ್ಚಿ, ಆಮೇಲೆ ನಡುವಿನ ಉಕಾರ ನುಂಗುತ್ತಿತ್ತು. ಕಿವಿ ಔರಿಕುಲಾ ಆಗಿ ಓರಿಕ್ಲಾ ಆಯಿತು. ಜೇನು ‘ಅಪಿಕುಲಾ’ ಆಯಿತು. ಸ್ಪ್ಯಾನಿಷಿನಲ್ಲಿ ಈ ‘ಕ್ಲ’ ಒಂದು ಕಂಠ್ಯ ಹಕಾರವಾಗಿದೆ: ಕಣ್ಣು ಓಹೊ, ಕಿವಿ ಓರೆಹಾ, ಕುರಿ ಓವೆಹಾ, ಜೇನು ‘ಅಬೆಹಾ’. ಪೋರ್ಚುಗೀಸಿನಲ್ಲಿ ಅದು ಲ್ಯಕಾರ: ಓಲ್ಯು, ಓರೆಲ್ಯಾ, ಓವೆಲ್ಯಾ, ‘ಅಬೆಲ್ಯಾ’. ಒಂದು ಧ್ವನಿನಿಯಮ ನಾಲ್ಕು ಪದಗಳನ್ನು ಒಟ್ಟಿಗೆ ಕರೆದೊಯ್ದಿದೆ.

ಫ್ರೆಂಚಿನ ‘ಅಬೆಯ್’ ಇನ್ನೂ ಕುತೂಹಲದ್ದು. ಪ್ಯಾರಿಸ್ ಕಡೆಯ ಫ್ರೆಂಚಿನಲ್ಲಿ ಸ್ವರಗಳ ನಡುವಿನ ಪಕಾರ ವಕಾರವಾಗುತ್ತದೆ. ದಡ ಎಂಬ ರೀಪಾ ‘ರೀವ್’ ಆಯಿತು. ಆ ಪ್ರಕಾರ ಜೇನಿನ ಹೆಸರಲ್ಲೂ ವಕಾರ ಇರಬೇಕಿತ್ತು. ಇರುವುದು ಬಕಾರ. ಎಂದರೆ ಇದು ದಕ್ಷಿಣದ ಆಕ್ಸಿತಾನ್ ಭಾಷೆಯಿಂದ ಬಂದದ್ದು. ಅಲ್ಲಿ ದಡ ‘ರಿಬಾ’, ಜೇನು ‘ಅಬೆಲ್ಯಾ’. ಉತ್ತರದವರ ಸ್ವಂತ ಪದ ಏನಾಯಿತು? ಅಪೆಮ್ ಸವೆದು ಸವೆದು ಹಳೆಯ ಫ್ರೆಂಚಿನಲ್ಲಿ ‘ಎಫ್’, ‘ಎ’ ಎಂಬ ಒಂದಕ್ಷರದ ಉಸಿರಾಗಿತ್ತು. ಅಷ್ಟು ಸಣ್ಣ ಪದ ಮಾತಿನಲ್ಲಿ ಕಿವಿಗೆ ಬೀಳುವುದೇ ಕಷ್ಟ. ಜನ ಕೆಲವೆಡೆ ‘ಅವೆತ್’ ಎಂದು ಹಿಗ್ಗಿಸಿಕೊಂಡರು, ಕೆಲವೆಡೆ ‘ಮೂಶ್ ಆ ಮಿಯೆಲ್’, ಜೇನುತುಪ್ಪದ ನೊಣ, ಎಂದರು. ಇದನ್ನೆಲ್ಲ ಪತ್ತೆಹಚ್ಚಿದವನು ಭಾಷಾವಿಜ್ಞಾನಿ ಜೂಲ್ ಜಿಲಿಯೆರೋನ್. ಅವನ ಸಹಾಯಕ ಎದ್ಮೋನ್ ಎದ್ಮೋನ್ 1897ರಿಂದ 1901ರವರೆಗೆ ಸೈಕಲ್ ಮೇಲೆ ಫ್ರಾನ್ಸ್ ಸುತ್ತಿ 639 ಊರುಗಳಲ್ಲಿ ಪದ ಸಂಗ್ರಹಿಸಿದ್ದ. ಜೇನುನೊಣದ ಹೆಸರುಗಳ ವಂಶಾವಳಿಗೆಂದೇ ಜಿಲಿಯೆರೋನ್ 1918ರಲ್ಲಿ ಒಂದು ಇಡೀ ಗ್ರಂಥ ಬರೆದ.

ಇಟಾಲಿಯನ್ ಭಾಷೆ ಅಲ್ಪಾರ್ಥಕದ ಗೊಡವೆಗೆ ಹೋಗದೆ ಮೂಲ ಪದವನ್ನೇ ಇಟ್ಟುಕೊಂಡಿತು. ದ್ವಿತೀಯೆಯ ‘ಅಪೆಮ್’ನಲ್ಲಿ ಕೊನೆಯ ಮಕಾರ ಬಿದ್ದು, ಮೊದಲ ಸ್ವರ ಹಿಗ್ಗಿ, ‘ಆಪೆ’ ಆಯಿತು. ಈ ಪದವನ್ನು ನೀವು ದಿನವೂ ರಸ್ತೆಯಲ್ಲಿ ನೋಡುತ್ತೀರಿ. ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ, ಅಂದರೆ ಕಣಜ, ಎಂಬ ಸ್ಕೂಟರ್ ತಂದಿತು. 1948ರಲ್ಲಿ ಅದಕ್ಕೆ ಮೂರು ಚಕ್ರ ಹಾಕಿ ಸಾಮಾನು ಹೊರುವ ಗಾಡಿ ಮಾಡಿ ಆಪೆ, ಅಂದರೆ ದುಡಿಯುವ ಜೇನು, ಎಂದು ಹೆಸರಿಟ್ಟಿತು. ಮಹಾರಾಷ್ಟ್ರದ ಬಾರಾಮತಿಯ ಕಾರ್ಖಾನೆಯಿಂದ ಹೊರಟು ಕರ್ನಾಟಕದ ಊರೂರಲ್ಲಿ ಸಂತೆಗೆ ಜನರನ್ನೂ ಮೂಟೆಗಳನ್ನೂ ಹೊರುವ ಆಪೆ ಆಟೊ ಅದೇ. ಆ ಹೆಸರು ಲ್ಯಾಟಿನಿನ ಒಂದು ದ್ವಿತೀಯಾ ವಿಭಕ್ತಿ, ನಮ್ಮ ಚಾಲಕರು ಅದನ್ನು ಉಚ್ಚರಿಸುವುದೂ ಇಟಲಿಯವರಂತೆಯೇ.

ವಿಜ್ಞಾನದಲ್ಲಿ ಅಪಿಸ್ ತನ್ನ ವ್ಯಾಕರಣವನ್ನು ಇನ್ನೂ ಕಟ್ಟುನಿಟ್ಟಾಗಿ ಉಳಿಸಿಕೊಂಡಿದೆ. ಪ್ರಾಣಿಕುಟುಂಬದ ಹೆಸರು ಕಟ್ಟುವಾಗ ಷಷ್ಠೀ ರೂಪದಿಂದ ಪ್ರಕೃತಿ ಬಿಡಿಸಿ ‘ಇಡೇ’ ಸೇರಿಸುತ್ತಾರೆ. ಸೊಳ್ಳೆ ಕುಲೆಕ್ಸ್, ಷಷ್ಠಿಯಲ್ಲಿ ಕುಲಿಕಿಸ್, ಆದ್ದರಿಂದ ಕುಟುಂಬ ಕುಲಿಸಿಡೇ. ಜೇನಿನದು ಏಪಿಡೇ. ಇನ್ನು ಜಾತಿಯ ಹೆಸರಿನಲ್ಲಿ ಎರಡನೆಯ ಪದ ವಿಶೇಷಣವಾದರೆ ಅದು ಮೊದಲನೆಯದರ ಲಿಂಗಕ್ಕೆ ಹೊಂದಬೇಕು. ಅಪಿಸ್ ಸ್ತ್ರೀಲಿಂಗವಾದ್ದರಿಂದ ಡೆನ್ಮಾರ್ಕಿನ ಫಾಬ್ರಿಸಿಯುಸ್ 1793ರಲ್ಲಿ ನಮ್ಮ ಹೆಜ್ಜೇನಿಗೆ ಇಟ್ಟದ್ದು ‘ಡಾರ್ಸಾಟಾ’, ಅದಕ್ಕೂ ಮುಂಚೆ 1787ರಲ್ಲಿ ಕೋಲುಜೇನಿಗೆ ಇಟ್ಟದ್ದು ‘ಫ್ಲೋರಿಯಾ’. ಡಾರ್ಸಾಟುಸ್, ಫ್ಲೋರೆಯುಸ್ ಎಂಬ ಪುಲ್ಲಿಂಗ ರೂಪಗಳಲ್ಲ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಏಪಿಸ್ ಸೆರಾನಾ ಇಂಡಿಕಾ, ಅಲ್ಲೂ ಎಲ್ಲ ಸ್ತ್ರೀಲಿಂಗ. ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕಾ ಎಂದಿರುವುದನ್ನು ನೋಡಿ ಗೊಂದಲವಾಗಬಹುದು, ‘ಉಸ್’ ಪುಲ್ಲಿಂಗವಲ್ಲವೇ ಎಂದು. ಲ್ಯಾಟಿನಿನಲ್ಲಿ ಮರಗಳು ‘ಉಸ್’ ಎಂದು ಮುಗಿದರೂ ಸ್ತ್ರೀಲಿಂಗವೇ.

ಯುರೋಪಿನ ಜೇನಿಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯುಸ್ 1758ರಲ್ಲಿ ‘ಮೆಲ್ಲಿಫೆರಾ’ ಎಂದು ಹೆಸರಿಟ್ಟ. ಮೆಲ್ ಎಂಬುದರ ಷಷ್ಠೀ ಮೆಲ್ಲಿಸ್, ಅದರಿಂದ ಒತ್ತು ಲಕಾರ. ಫೆರಾ ಅಂದರೆ ಹೊರುವವಳು. ಆದರೆ ಜೇನುನೊಣ ಹೂವಿನಿಂದ ಹೊತ್ತು ತರುವುದು ಮಕರಂದವನ್ನು, ತುಪ್ಪವಾಗುವುದು ಗೂಡಿನಲ್ಲಿ. 1761ರಲ್ಲಿ ಅವನು ಹೆಸರನ್ನು ‘ಮೆಲ್ಲಿಫಿಕಾ’, ಜೇನುತುಪ್ಪ ಮಾಡುವವಳು, ಎಂದು ತಿದ್ದಿದ. ಅರ್ಥದಲ್ಲಿ ಎರಡನೆಯದೇ ಸರಿ. ಆದರೆ ಪ್ರಾಣಿನಾಮಕರಣದ ನಿಯಮದಂತೆ ಮೊದಲು ಅಚ್ಚಾದ ಹೆಸರಿಗೇ ಮಾನ್ಯತೆ, ಇಟ್ಟವನೇ ಬಂದು ತಿದ್ದಿದರೂ ನಡೆಯುವುದಿಲ್ಲ. ಹಾಗಾಗಿ ವಿಜ್ಞಾನದ ಪುಸ್ತಕಗಳಲ್ಲಿರುವುದು ಮೆಲ್ಲಿಫೆರಾ. ತಿದ್ದಿದ ಹೆಸರು ಹೋಮಿಯೋಪತಿ ಅಂಗಡಿಯಲ್ಲಿ ಸಿಗುತ್ತದೆ; ಜೇನುನೊಣದಿಂದ ತಯಾರಿಸುವ ಔಷಧಿಯ ಸೀಸೆಯ ಮೇಲೆ ಇಂದಿಗೂ ‘ಏಪಿಸ್ ಮೆಲ್ಲಿಫಿಕಾ’ ಎಂದೇ ಅಚ್ಚಾಗುತ್ತಿದೆ.